ತೂಬಿನ ಕಲ್ಲಿನ ಮೇಲೆ ಆರದ ಹೆಜ್ಜೆ

ಆಣೆ, ಶಾಪ, ದೆವ್ವ ಎಂದು ನಂಬುವವರನ್ನು ಕಂಡರೆ ನನಗೆ ಒಂದು ಕಾಲಕ್ಕೆ ನಗು ಬರುತ್ತಿತ್ತು. ಬರೀ ನಕ್ಕು ಸುಮ್ಮನಾಗುವವನೂ ಅಲ್ಲ, ಎದುರಿಗೇ ಗೇಲಿ ಮಾಡುತ್ತಿದ್ದೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಶಿರಾದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಒದ್ದೆ ಬಟ್ಟೆ ಯಾಕೆ ಆರುತ್ತದೆ, ಕಬ್ಬಿಣ ಯಾಕೆ ತುಕ್ಕು ಹಿಡಿಯುತ್ತದೆ ಎಂದು ಪಾಠ ಮಾಡಿ ಮಾಡಿ, ಲೋಕದಲ್ಲಿ ನನಗೆ ತಿಳಿಯದ್ದು ಏನೂ ಉಳಿದಿಲ್ಲ ಎಂಬ ಜಂಬ ಬಂದುಬಿಟ್ಟಿತ್ತು. ಈಗ ಹೇಳಹೊರಟಿರುವುದನ್ನು ನೀವು ನಂಬಬೇಕೆಂಬ ಒತ್ತಾಯವಿಲ್ಲ. ನಂಬದಿದ್ದರೆ ನನಗೇ ಒಳ್ಳೆಯದು. ಆದರೆ ಇದರಲ್ಲಿ ನನ್ನದೊಂದು ಕಳ್ಳತನವಿದೆ, ಅದನ್ನಾದರೂ ನಂಬಿ.

ಆಗ ನನಗೆ ಕೆರೆಗಳ ಹುಚ್ಚು. ಭಾನುವಾರ ಬಂತೆಂದರೆ ಸೈಕಲ್ಲು ಹತ್ತಿ ಪಟ್ಟನಾಯಕನಹಳ್ಳಿ ಕಡೆಗೋ ಬರಗೂರು ಕಡೆಗೋ ಹೊರಟುಬಿಡುತ್ತಿದ್ದೆ. ಜೊತೆಗೆ ಬಾಷಾ. ಪೇಟೆಯಲ್ಲಿ ಅವನದೊಂದು ಸೈಕಲ್ ಶಾಪ್ ಇತ್ತು. ನನಗಿಂತ ಎರಡು ಮೂರು ವರ್ಷ ದೊಡ್ಡವನು, ಮಾತು ಕಡಿಮೆ. ದಾರಿಯಲ್ಲಿ ಯಾವ ದರ್ಗಾ ಕಂಡರೂ, ಯಾವ ಗುಡಿ ಕಂಡರೂ ಸೈಕಲ್ ನಿಧಾನ ಮಾಡಿ ಎದೆ ಮುಟ್ಟಿಕೊಳ್ಳುವನು. "ಏನಯ್ಯಾ, ಎಲ್ಲಾ ದೇವರ ಹತ್ತಿರವೂ ಖಾತೆ ತೆಗೆದಿದ್ದೀಯಲ್ಲ" ಎಂದು ನಾನು ಕೀಟಲೆ ಮಾಡಿದರೆ ಬೀಡಿ ಕಚ್ಚಿಕೊಂಡೇ ನಗುವನು. ಕೆರೆಯ ಏರಿಯ ಮೇಲೆ ಸೈಕಲ್ ತಳ್ಳಿಕೊಂಡು ನಡೆಯುವುದು, ಹಕ್ಕಿ ನೋಡುವುದು, ಹುಣಸೆ ಮರದ ನೆರಳಲ್ಲಿ ಉಣ್ಣುವುದು, ಇಷ್ಟೇ ನಮ್ಮ ಭಾನುವಾರ.

ಆ ಕೆರೆ ಯಾವ ಊರಿನದೆಂದು ಹೇಳುವುದಿಲ್ಲ. ಹೇಳುವ ಮುಖ ನನಗಿಲ್ಲ. ಆ ವರ್ಷ ಹಿಂಗಾರು ಚೆನ್ನಾಗಿ ಹಿಡಿದು ಕೆರೆ ತುಂಬಿತ್ತು. ಕೆರೆಯಂಗಳದ ಜಾಲಿ ಮರಗಳು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದವು. ಒಂದೊಂದು ಮರದಲ್ಲೂ ಹತ್ತಾರು ಬೆಳ್ಳಕ್ಕಿ ಗೂಡು, ಕೆಲವಂತೂ ಕೈಗೆಟಕುವಷ್ಟು ತಗ್ಗಿನಲ್ಲಿ. ಆ ಕೆರೆ ನೋಡಿಕೊಳ್ಳುತ್ತಿದ್ದವಳು ಈರಜ್ಜಿ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಕೆಲಸ ಅವಳ ಗಂಡನದು. ಅವನು ಸತ್ತ ಮೇಲೆ ಅವಳೇ ಮಾಡಿಕೊಂಡು ಬಂದಿದ್ದಳು. ನಾವು ಏರಿ ಹತ್ತುವಾಗಲೇ ಎದುರಾದಳು. "ನೋಡ್ಕಂಡು ಹೋಗ್ರಪ್ಪ, ಬ್ಯಾಡ ಅನ್ನಲ್ಲ. ಮುಟ್ಟಾಕೆ ಮಾತ್ರ ಹೋಗ್ಬ್ಯಾಡ್ರಿ. ಬಾಣಂತನಕ್ಕೆ ತವರಿಗೆ ಬಂದವೆ ಅವು" ಎಂದಳು. ನಾನು ಮೇಷ್ಟ್ರೆಂದು ಹೇಳಿಕೊಂಡು ದೊಡ್ಡದಾಗಿ ತಲೆಯಾಡಿಸಿದೆ. ಹಿಂದಿನ ವಾರವಷ್ಟೇ ಹಕ್ಕಿಗೂಡು ಕೀಳಬಾರದೆಂದು ಮಕ್ಕಳಿಗೆ ಪಾಠ ಹೇಳಿದ್ದೆ.

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಶಾಲೆಯ ಗಾಜಿನ ಬೀರುವಿನಲ್ಲಿ ಒಂದು ಒಣಗಿದ ಹಾವು, ಎರಡು ಕಪ್ಪೆಚಿಪ್ಪು ಬಿಟ್ಟರೆ ಏನೂ ಇರಲಿಲ್ಲ. ಉಂಡಾದ ಮೇಲೆ ಬಾಷಾ ಮರದಡಿ ಕಣ್ಣು ಮುಚ್ಚಿದ್ದ. ನಾನು ಪ್ಯಾಂಟು ಮಡಿಸಿ ನೀರಿಗಿಳಿದು, ಒಂದು ತಗ್ಗು ಗೂಡಿಗೆ ಕೈ ಹಾಕಿದೆ. ತಿಳಿನೀಲಿ ಬಣ್ಣದ ಮೂರು ಮೊಟ್ಟೆಗಳು. ಒಂದನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿ, ಖಾಲಿಯಾದ ಟಿಫನ್ ಡಬ್ಬಿಯಲ್ಲಿಟ್ಟು ಮುಚ್ಚಿದೆ. ತಾಯಿ ಹಕ್ಕಿ ಪಕ್ಕದ ಕೊಂಬೆಯಿಂದ ನೋಡುತ್ತಿತ್ತು, ಕೂಗಲೂ ಇಲ್ಲ. ನಾನು ಏರಿಗೆ ಬಂದು ಕಾಲು ಒರೆಸಿಕೊಂಡು, ಬಾಷಾನನ್ನು ಎಬ್ಬಿಸಿ, ಊಟದ ಚೀಲವನ್ನು ಅವನ ಕೈಗೇ ಕೊಟ್ಟೆ.

ನಾವು ಸೈಕಲ್ ತಿರುಗಿಸುವಷ್ಟರಲ್ಲಿ ಈರಜ್ಜಿ ಬಿರಬಿರನೆ ಬಂದಳು. ಸೆರಗಿನ ತುದಿ ಒದ್ದೆಯಾಗಿತ್ತು.

"ಆ ತಗ್ಗಿನ ಗೂಡಾಗೆ ಬೆಳಿಗ್ಗೆ ಮೂರಿದ್ವು, ಈಗ ಎಲ್ಡೇ ಅವೆ. ಒಂದು ಎಲ್ಲೋತು?"

ನಾನು ಸೈಕಲ್ಲಿನ ಚೈನು ನೋಡುವವನಂತೆ ಬಗ್ಗಿದೆ. ಅವಳ ಕಣ್ಣು ಬಾಷಾನ ಕೈಯಲ್ಲಿದ್ದ ಚೀಲದ ಮೇಲೆ ನಿಂತಿತು. "ನೀನೇನಾದ್ರೂ ತಕ್ಕಂಡ್ಯೇನಪ್ಪಾ?"

"ಇಲ್ಲಜ್ಜಿ. ಬೇಕಾದ್ರೆ ಚೀಲ ನೋಡಿ" ಎಂದು ಬಾಷಾ ಚೀಲವನ್ನು ಮುಂದೆ ಚಾಚಿಯೇಬಿಟ್ಟ. ಚೀಲದಲ್ಲಿ ಏನಿದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ.

ಅಜ್ಜಿ ಕೈ ಹಿಂದಕ್ಕೆಳೆದುಕೊಂಡಳು. "ಉಣ್ಣೋ ಗಂಟು ಬಿಚ್ಚಿಸಾದು ನಮ್ ಪದ್ಧತಿ ಅಲ್ಲ. ಇಬ್ರೂ ನೀರಾಗೆ ನಿಂತು ಮುಟ್ಟಿಲ್ಲ ಅಂತ ಒಂದ್ಮಾತು ಹೇಳ್ರಿ. ಹೇಳಿ ಬಂದು ತೂಬಿನ ಕಲ್ ಮ್ಯಾಲೆ ಹೆಜ್ಜೆ ಇಡ್ರಿ. ಆ ಹೆಜ್ಜೆ ಆರೋಗಂಟ ಅಲ್ಲೇ ನಿಂತಿದ್ದು, ಆಮ್ಯಾಲೆ ಹೋಗ್ರಿ" ಎಂದಳು.

"ನೀವು ನೋಡ್ತೀರಾ?" ಎಂದು ಕೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಆ ಪ್ರಶ್ನೆ.

"ನಾವ್ಯಾಕೆ ನೋಡಾನ ಮೇಷ್ಟ್ರೇ? ಇಟ್ಟೋರೇ ನೋಡ್ಕಬೇಕು" ಎಂದಳು.

ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ಒಳಗೊಳಗೇ ಖುಷಿಯಾಯಿತು. ನೆತ್ತಿಯ ಮೇಲೆ ಸೂರ್ಯ, ಕಾದ ಕಲ್ಲು. ಯಾವ ಹೆಜ್ಜೆಯಾದರೂ ಐದು ನಿಮಿಷದಲ್ಲಿ ಆರಲೇಬೇಕು. ಇಂಥ ಪರೀಕ್ಷೆಯಲ್ಲಿ ಫೇಲಾಗುವವರು ಯಾರು ಎಂದುಕೊಂಡೆ. ಬಾಷಾ ಮೊದಲು ನೀರಿಗಿಳಿದು "ನಾನು ಮುಟ್ಟಿಲ್ಲ" ಎಂದ. ನಾನೂ ಇಳಿದೆ. ಅದೇ ಮಾತನ್ನು ಅವನಿಗಿಂತ ಗಟ್ಟಿಯಾಗಿ ಹೇಳಿದೆ. ಇಬ್ಬರೂ ಮೆಟ್ಟಿಲು ಹತ್ತಿ ತೂಬಿನ ಮೇಲಿನ ಚಪ್ಪಡಿ ಕಲ್ಲಿನ ಮೇಲೆ ಅಕ್ಕಪಕ್ಕ ಹೆಜ್ಜೆಯಿಟ್ಟು ಆಚೆ ಇಳಿದೆವು. ಅಜ್ಜಿ ನಮ್ಮ ಕಡೆ ಬೆನ್ನು ಹಾಕಿ ಏರಿಯುದ್ದಕ್ಕೂ ನಡೆದುಹೋದಳು, ಒಮ್ಮೆಯೂ ತಿರುಗಲಿಲ್ಲ.

ಬಾಷಾ ಬೀಡಿ ಹಚ್ಚಿದ. ಅವನ ಹೆಜ್ಜೆ ಅಂಚಿನಿಂದ ಕರಗುತ್ತಾ, ಹಿಮ್ಮಡಿಯಷ್ಟಾಗಿ, ಹೆಬ್ಬೆರಳಷ್ಟಾಗಿ, ಬೀಡಿ ಮುಗಿಯುವ ಮೊದಲೇ ಹೋಯಿತು. ನನ್ನದು ಹಾಗೇ ಇತ್ತು. ಐದು ಬೆರಳನ್ನೂ ಎಣಿಸಬಹುದಿತ್ತು. ಕಲ್ಲಿನಲ್ಲಿ ತಗ್ಗಿರಬೇಕೆಂದು ಬಗ್ಗಿ ಸವರಿದೆ. ನುಣ್ಣಗಿತ್ತು, ತಣ್ಣಗಿತ್ತು. ಸುತ್ತಲಿನ ಕಲ್ಲು ಕೈ ಸುಡುತ್ತಿತ್ತು. ಬಾಟಲಿಯ ನೀರನ್ನು ಪಕ್ಕದಲ್ಲೇ ಚಿಮುಕಿಸಿ ನೋಡಿದೆ. ಆ ಹನಿಗಳು ನೋಡನೋಡುತ್ತಲೇ ಆರಿದವು. ಬಾಷಾ ಎರಡನೇ ಬೀಡಿಯನ್ನೂ ಮುಗಿಸಿದ. ನನ್ನ ಹೆಜ್ಜೆ ಆರಲಿಲ್ಲ.

ಆಗಲಾದರೂ ಡಬ್ಬಿ ತೆರೆದು, ಮೊಟ್ಟೆಯನ್ನು ಗೂಡಿಗೆ ಇಟ್ಟು ಬರಬಹುದಿತ್ತು. ಹತ್ತು ಮಾರು ದೂರ ಅಷ್ಟೆ. ಬಾಷಾನ ಎದುರು ಕಳ್ಳನೆನಿಸಿಕೊಳ್ಳುವುದು ನನ್ನಿಂದಾಗಲಿಲ್ಲ. ಅವನು ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಕೈಯಲ್ಲಿದ್ದ ಚೀಲ ನೋಡಿದ. ಆಮೇಲೆ ಹೆಗಲ ಮೇಲಿನ ಟವಲ್ಲು ತೆಗೆದು, ಕೂತು, ನನ್ನ ಹೆಜ್ಜೆಯನ್ನು ಒರೆಸಿದ. ಟವಲ್ಲನ್ನು ಏರಿಯ ಧೂಳಿನ ಮೇಲೆ ಹಿಂಡಿದ. ನೀರು ಬಿತ್ತು.

"ನಡೀರಿ ಸಾರ್, ಬಿಸ್ಲು ಜಾಸ್ತಿ ಆಗ್ತಾ ಐತೆ" ಎಂದ.

ಶಿರಾ ತಲುಪಿದ ಮೇಲೆ ಬಾಷಾ ಚೀಲವನ್ನು ನನ್ನ ಕೈಗೆ ಕೊಟ್ಟು ಅಂಗಡಿ ಕಡೆ ಹೋದ. ಮನೆಯಲ್ಲಿ ಬಾಗಿಲು ಹಾಕಿಕೊಂಡು, ಮೊಟ್ಟೆಯ ಒಳಗಿನದನ್ನು ಹೊರತೆಗೆಯಲು ಸೂಜಿಯಿಂದ ತೂತು ಮಾಡಿದೆ. ಒಳಗೆ ಮರಿ ಆಗಲೇ ಮೂಡಿತ್ತು. ಕಣ್ಣಿನ ಕಪ್ಪು ಚುಕ್ಕೆ ಸ್ಪಷ್ಟವಾಗಿ ಕಾಣುತ್ತಿತ್ತು. ಅದನ್ನು ಹಿತ್ತಲಿನಲ್ಲಿ ಹೂತು ಕೈ ತೊಳೆದುಕೊಂಡೆ. ಶಾಲೆಯ ಬೀರುವಿನಲ್ಲಿ ಹಾವು, ಕಪ್ಪೆಚಿಪ್ಪು ಎರಡೇ ಉಳಿದವು.

ಬಾಷಾ ಅದಾದ ಮೇಲೂ ನನ್ನ ಸೈಕಲ್ಲಿಗೆ ಪಂಚರ್ ಹಾಕುತ್ತಿದ್ದ, ಟೀ ತರಿಸುತ್ತಿದ್ದ. ಆದರೆ ಭಾನುವಾರಗಳಂದು ಅವನಿಗೆ ಏನಾದರೊಂದು ಕೆಲಸವಿರುತ್ತಿತ್ತು. ಮುಂದೆ ನನಗೆ ಮಧುಗಿರಿಗೆ ವರ್ಗವಾಯಿತು. ಆರೇಳು ವರ್ಷ ಕಳೆದ ಮೇಲೆ, ಇದನ್ನು ಹೊತ್ತು ತಿರುಗುವುದು ಸಾಕಾಗಿ, ಬಸ್ಸು ಹತ್ತಿ ಶಿರಾಕ್ಕೆ ಹೋದೆ. ಕ್ಷಮೆ ಕೇಳಬೇಕು, ಬೇರೇನೂ ಮಾತಾಡಬಾರದು ಎಂದು ದಾರಿಯುದ್ದಕ್ಕೂ ಹೇಳಿಕೊಂಡಿದ್ದೆ. ಬಾಷಾನ ಗಡ್ಡ ನೆರೆತಿತ್ತು. ಬಾಂಡ್ಲಿಯ ನೀರಿನಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆಂದು ಹುಡುಕುತ್ತಿದ್ದ. ಕೂತು ಒಂದು ಟೀ ಕುಡಿದು ಬಾಯಿ ತೆರೆದೆ. ಬಂದದ್ದು ಬೇರೆಯೇ ಮಾತು.

"ಬಾಷಾ, ಆವತ್ತು ಕೆರೆ ಹತ್ತಿರ ನನ್ನ ಹೆಜ್ಜೆ ಆರಲಿಲ್ಲ ಅಲ್ವಾ?"

ಅವನು ತಲೆ ಎತ್ತಲಿಲ್ಲ. "ಯಾವ ಹೆಜ್ಜೆ ಸಾರ್? ಕಲ್ಲು ಒಣಗಿತ್ತಲ್ಲ."

"ಮತ್ತೆ ನೀನು ಒರೆಸಿದ್ದು?"

"ನೀವು ಅದನ್ನೇ ನೋಡ್ತಾ ನಿಂತ್ಬಿಟ್ಟಿದ್ರಿ. ಒರೆಸಿದ್ರಾದ್ರೂ ಹೊರಡ್ತೀರಾ ಅಂತ ಒರೆಸ್ದೆ" ಎಂದು ಟ್ಯೂಬನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿದ.

ಟವಲ್ಲು ಹಿಂಡಿದಾಗ ಧೂಳಿನ ಮೇಲೆ ನೀರು ಬಿದ್ದ ಜಾಗ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಬಾಷಾ ಸುಳ್ಳು ಹೇಳಿದ್ದನ್ನು ನಾನಂತೂ ಕಂಡಿಲ್ಲ. ಹಾಗಾದರೆ ಆ ಹೆಜ್ಜೆ ನನ್ನ ಭ್ರಮೆಯೇ? ಅಥವಾ ಅವನು ಆವತ್ತು ಒರೆಸಿದ ಹಾಗೆಯೇ ಈ ಸಲವೂ ನನ್ನ ಕಳಂಕ ಒರೆಸಿಕೊಟ್ಟನೇ? ಎಷ್ಟು ಯೋಚಿಸಿದರೂ ಬಗೆಹರಿದಿಲ್ಲ. ಮೊಟ್ಟೆಯ ವಿಷಯ ಅವನು ಕೇಳಲಿಲ್ಲ. ಅದನ್ನು ಹೇಳಲೆಂದೇ ಹೋಗಿದ್ದ ನಾನು ಹೇಳಲಿಲ್ಲ. ಮಧುಗಿರಿಯ ಕೊನೇ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ.

ಆ ಕೆರೆಗೂ ಮತ್ತೆ ಹೋಗಲಿಲ್ಲ. ನೀರಿಗಿಳಿದು ನಿಜ ಹೇಳುವುದು ಕಷ್ಟವೇನಲ್ಲ. ಹೇಳಿದ ಮೇಲೂ ಹೆಜ್ಜೆ ಆರದಿದ್ದರೆ ಎಂಬ ಭಯ. ಇವತ್ತಿಗೂ ಸ್ನಾನ ಮಾಡಿ ಬಚ್ಚಲಿನಿಂದ ಹೊರಬಂದರೆ ನಾನು ಹಿಂದಕ್ಕೆ ತಿರುಗಿ ನೆಲ ನೋಡುವುದಿಲ್ಲ.