ಹಸಿರುಟ್ಟ ಕಾಕು

ರೊಟ್ಟಿ ಬಡಿಯಲು ಕೂತರೆ ಕಾಕುವಿನ ಮುಂಗೈ ಮೇಲಿನ ಕಂದು ಚುಕ್ಕೆಗಳೆಲ್ಲ ಜೋಳದ ಹಿಟ್ಟಿನಲ್ಲಿ ಮುಚ್ಚಿಹೋಗುತ್ತಿದ್ದವು. ತುರುಬು, ಸೊಂಟಕ್ಕೆ ಸಿಕ್ಕಿಸಿದ ಸೆರಗು ನೋಡಿ ಧಾರವಾಡದ ಯಾರೋ ಹಿರಿಯರು ಅಂದುಕೊಳ್ಳಬೇಕು, ಅಷ್ಟರಲ್ಲಿ ಮುಖ ತಿರುಗಿಸಿದರೆ ನೀಲಿ ಕಣ್ಣು. ಕಾಕು ಐರ್ಲೆಂಡಿನವರು. ನನ್ನ ಗಂಡನ ಚಿಕ್ಕಪ್ಪ ಡಾಕ್ಟರಿಕೆ ಓದಲು ಅಲ್ಲಿಗೆ ಹೋದಾಗ ಅದೇ ಆಸ್ಪತ್ರೆಯಲ್ಲಿ ನರ್ಸಾಗಿದ್ದರಂತೆ. ಮದುವೆಯಾಗಿ, ಧಾರವಾಡದಲ್ಲಿ ಅತ್ತೆಯ ಕೈಕೆಳಗೆ ಕೆಲವು ವರ್ಷ ಇದ್ದು, ರೊಟ್ಟಿ ಮತ್ತು ಕನ್ನಡ ಎರಡನ್ನೂ ಕಲಿತು ಕೆನಡಾಕ್ಕೆ ಬಂದವರು.

ನಾವೂ ಕೆನಡಾಕ್ಕೆ ಬಂದ ಮೇಲೆ, ನಾನು ಬೋಲ್ಟನ್ನಿನ ವೇರ್‌ಹೌಸಿನಲ್ಲಿ ಶಿಫ್ಟ್ ಮಾಡುತ್ತಿದ್ದ ವರ್ಷಗಳಲ್ಲಿ ನನ್ನ ಮಗಳನ್ನು ಬೆಳೆಸಿದ್ದು ಅವರೇ. ಏನೇ ತಲೆನೋವು ಹೇಳಿಕೊಂಡರೂ "ಆತು ಬಿಡವಾ, ಮೊದಲ ಚಾ ಕುಡಿ" ಅನ್ನುತ್ತಿದ್ದರು. ಗ್ರಹಚಾರ, ಶಕುನ ಎಂದು ಯಾರಾದರೂ ಶುರುಮಾಡಿದರೆ ನಗುತ್ತಿದ್ದರು. ಆದರೆ ಕಾಕಾ ತೀರಿಕೊಂಡಾಗ ಮಾತ್ರ ಕೈಯ ಹಸಿರು ಬಳೆ ತೆಗೆದಿಟ್ಟುಬಿಟ್ಟರು. ಈ ಊರಲ್ಲಿ ಅದನ್ನೆಲ್ಲ ಯಾರು ಕೇಳುತ್ತಾರೆ ಎಂದು ನಾನು ಜಗಳವಾಡಿದೆ. "ಗಂಡ ಹೋದ ಮ್ಯಾಲೆ ಹಸಿರು ಬಳಿ ಇಡಬಾರದು ಅಂತ ಅತ್ತಿ ಹೇಳಿದ್ರು," ಎಂದರು ಕಾಕು. "ನನ್ನ ಅವ್ವನೇ ನನ್ನ ಬ್ಯಾಡ ಅಂದಿದ್ಲು, ಅತ್ತಿ ಮನಿಯೊಳಗ ಕರಕೊಂಡ್ರು. ಅವರ ಮಾತು ನಾ ಹೆಂಗ ಮೀರಲಿ?"

ಮಗಳ ಮದುವೆ ಗೊತ್ತಾದ ಹುಡುಗನ ಮುತ್ತಜ್ಜ ಐರ್ಲೆಂಡಿನಿಂದ ಬಂದವನು. ಮದುವೆಗೆ ಐರಿಷ್ ಥೀಮ್ ಎಂದು ಇಬ್ಬರೂ ಹಟ ಹಿಡಿದರು. ತಮಾಷೆಯೆಂದರೆ ಹುಡುಗನ ಮನೆಯಲ್ಲಿ ಐರ್ಲೆಂಡನ್ನು ಕಣ್ಣಿಂದ ಕಂಡವರು ಒಬ್ಬರೂ ಇಲ್ಲ. ಎಲ್ಲವನ್ನೂ ನಮ್ಮ ಕಾಕುವನ್ನೇ ಕೇಳಬೇಕು. ಪಿಟೀಲು ಬಾರಿಸುವವರನ್ನು ಅವರೇ ಹುಡುಕಿಕೊಟ್ಟರು. ಪಾರ್ಟಿ ಅಂಗಡಿಯಿಂದ ಬಂದ ಹಸಿರು ಟೋಪಿಗಳನ್ನು ನೋಡಿ, "ಇದನ್ನ ಹಾಕ್ಕೊಂಡು ನಮ್ಮೂರಾಗ ಮದವಿಗೆ ಹೋದ್ರ ನಾಯಿ ಬಿಡ್ತಿದ್ರು" ಎಂದು ನಕ್ಕರು.

ನನಗೂ ಹುರುಪು ಬಂತು. ಥೀಮಿಗೂ ಆಯಿತು, ನಮ್ಮ ಶಾಸ್ತ್ರಕ್ಕೂ ಆಯಿತು ಎಂದು ಧಾರೆಗೆ ಹಸಿರು ಇಳಕಲ್ ಸೀರೆ ತರಿಸಿದೆ. ನಮ್ಮ ಕಡೆಯ ಅಂಗಡಿಗಳಿರುವ ಜೆರಾರ್ಡ್ ಬಜಾರಿಗೆ ಹೋಗಿ ಹಸಿರು ಗಾಜಿನ ಬಳೆ ತಂದೆ. ಇಷ್ಟು ಜಾಣತನ ನನಗೆ ಎಲ್ಲಿಂದ ಬಂತು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡು ಕಾಕುವಿನ ಮುಂದೆ ಸೀರೆ ಬಿಚ್ಚಿದೆ. ಅವರ ಮುಖ ಬಿಳುಚಿಕೊಂಡಿತು.

"ಇದು ಬ್ಯಾಡ. ಮದುಮಗಳಿಗೆ ಹಸಿರು ಬ್ಯಾಡ."

"ಐರಿಷ್ ಅಂದ್ರ ಹಸಿರು ಅಲ್ಲೇನ್ರಿ ಕಾಕು?"

"ಹಸಿರು ಅವರ ಬಣ್ಣ. ಹಸಿರುಟ್ಟ ಮದುಮಗಳನ್ನ ಕಂಡ್ರ ತಮ್ಮಾಕಿ ಅಂತ ಕರಕೊಂಡು ಹೋಗ್ತಾರ."

ಅವರು ಎಂದರೆ ಗುಡ್ಡದೊಳಗೆ ಇರುವವರು, ಕಣ್ಣಿಗೆ ಕಾಣದವರು. ಹೆಸರು ಹಿಡಿದು ಕರೆಯಬಾರದಂತೆ. ನನಗೆ ನಗು ಬಂತು, ಕಾಕು ನಗಲಿಲ್ಲ. ಅವರ ಊರಿನಲ್ಲಿ ಹಸಿರುಟ್ಟು ಮದುವೆಯಾದ ಹುಡುಗಿಯೊಬ್ಬಳು ವರ್ಷ ತುಂಬುವುದರೊಳಗೆ ಹೋಗಿಬಿಟ್ಟಿದ್ದಳಂತೆ. ಕಾಕು ಕೂಡ ತಮ್ಮ ಮದುವೆಯ ದಿನ ಹಸಿರು ಮುಟ್ಟಿರಲಿಲ್ಲವಂತೆ, ಬಳೆ ಇಟ್ಟಿದ್ದು ಧಾರವಾಡಕ್ಕೆ ಬಂದ ಮೇಲೆ.

ಸೀರೆ ಬಿಟ್ಟೆ, ಅರಿಶಿನ ಬಣ್ಣದ್ದು ತರುತ್ತೇನೆ ಎಂದೆ. ಬಳೆ ಮಾತ್ರ ಬಿಡುವುದಿಲ್ಲ ಎಂದೆ. ಹಸಿರು ಬಳೆಯಿಲ್ಲದೆ ಮಗಳನ್ನು ಧಾರೆಯೆರೆದರೆ ಊರಲ್ಲಿರುವ ನನ್ನ ತಾಯಿಗೆ ನಾನು ಏನು ಹೇಳಲಿ? "ಹಂಗಾದ್ರ ನಾ ಬರಂಗಿಲ್ಲ, ನನ್ನಿಂದ ನೋಡಾಕ ಆಗಂಗಿಲ್ಲ," ಎಂದು ಕಾಕು ಎದ್ದರು. ನನಗೂ ಸಿಟ್ಟು ಬಂತು, ಹೊರಟವರನ್ನು ತಡೆಯಲಿಲ್ಲ. ಮಗಳು ಮಾತ್ರ ಅಳುತ್ತಾ, "ಅಜ್ಜಿ ಬರ್ದಿದ್ರೆ ಐ ಡೋಂಟ್ ವಾಂಟ್ ಎನಿ ಥೀಮ್, ಅಮ್ಮಾ" ಎಂದಳು.

ಬಳೆ ಇಡುವ ದಿನ ನಮ್ಮ ಬೇಸ್‌ಮೆಂಟಿನ ತುಂಬ ಹೆಂಗಸರು. ಮಗಳ ಎರಡೂ ಕೈಗೆ ಬಳೆ ಇಟ್ಟು ಮುಗಿಸುವ ಹೊತ್ತಿಗೆ ಕಾಕು ಮೆಟ್ಟಿಲಿಳಿದು ಬಂದರು. ಹುಡುಗಿಯ ಕೈಯನ್ನೇ ಒಂದಿಷ್ಟು ಹೊತ್ತು ನೋಡಿದರು. ಆಮೇಲೆ ನನ್ನೆದುರು ಚಾಪೆಯ ಮೇಲೆ ಕೂತು ತಮ್ಮ ಕೈ ಚಾಚಿದರು.

"ನನಗೂ ಇಡವಾ."

ನನ್ನ ಕೈ ಮುಂದೆ ಹೋಗಲಿಲ್ಲ. "ಕಾಕು, ನಿಮ್ಮ ಅತ್ತಿ ಹೇಳಿದ್ದು..." ಎಂದೆ.

"ಅತ್ತಿಗೆ ನಾ ಹೇಳ್ಕೋತೀನಿ, ಬಿಡು. ಆ ಗುಡ್ಡದಾಗಿನವರು ಬಂದ್ರ ಹಸಿರು ಇಟ್ಟಾಕಿ ಯಾರು ಅಂತ ಹುಡುಕ್ತಾರ. ಮೊದಲ ಅವರಿಗೆ ನಾ ಸಿಗಬೇಕು. ನನಗ ಹ್ಯಾಂಗೂ ವಯಸ್ಸಾಗೇದ." ಚಾಚಿದ ಕೈ ತೆಗೆಯದೆ ಕೇಳಿದರು, "ಆ ಸೀರಿ ಎಲ್ಲಿಟ್ಟಿ? ಅದನ್ನೂ ಕೊಡು."

ಬಳೆ ಇಟ್ಟೆ. ಕಣ್ಣು ಮಂಜಾಗಿ ಎರಡು ಒಡೆದವು.

ಸ್ಟೌಫ್‌ವಿಲ್ಲಿನ ಹಾಲ್‌ನಲ್ಲಿ ಮದುವೆಯಾಯಿತು. ಕಾಕುವಿಗೆಂದು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದ್ದೆ. ಅವರು ಅದನ್ನು ಬಿಟ್ಟು ಬಾಗಿಲ ಪಕ್ಕದಲ್ಲಿ, ಅಡಿಯಿಂದ ಮುಡಿಯವರೆಗೆ ಹಸಿರಾಗಿ, ಹೊರಗಿನಿಂದ ಬರುವವರಿಗೆ ಮೊದಲು ಕಾಣುವಂತೆ ಕೂತರು. ಊಟವನ್ನೂ ಅಲ್ಲಿಗೇ ತರಿಸಿಕೊಂಡರು. ಹುಡುಗನ ಕಡೆಯವರು ಥೀಮಿಗೆ ಸರಿಯಾಗಿ ಉಟ್ಟವರು ಇವರೊಬ್ಬರೇ ಎಂದು ಹೊಗಳಿ ಫೋಟೋ ತೆಗೆಸಿಕೊಂಡರು. ನಮ್ಮವರಲ್ಲಿ ಕೆಲವರು, ಗಂಡ ಹೋದ ಮೇಲೆ ಇದೆಂಥ ಅಲಂಕಾರ ಎಂದು ಗೊಣಗಿದರು. ಕಾಕು ಎರಡಕ್ಕೂ ತಲೆಯಾಡಿಸಿ, ಬಾಗಿಲ ಕಡೆಗೆ ತಿರುಗಿ ಕೂತರು.

ಮದುವೆಗೆ ವರ್ಷ ತುಂಬುವ ಮೊದಲೇ, ಮುಂದಿನ ಚಳಿಗಾಲದಲ್ಲಿ, ಅವರು ನಿದ್ದೆಯಲ್ಲೇ ಹೋದರು. ವಯಸ್ಸಾಗಿತ್ತು, ಹೃದಯ ಸೋತಿತ್ತು, ಡಾಕ್ಟರು ಹೇಳಿದ್ದು ಅಷ್ಟೇ. ಗುಡ್ಡದೊಳಗಿನವರನ್ನು ನಾನು ನಂಬುವವಳಲ್ಲ. ಆದರೂ ಆ ದಿನ ಮಗಳನ್ನು ಎದೆಗೆ ಒತ್ತಿಕೊಂಡವಳು ಬಹಳ ಹೊತ್ತು ಬಿಡಲಿಲ್ಲ.

ಅವರನ್ನು ಕೊನೆಯದಾಗಿ ಕಳಿಸುವ ಮೊದಲು ಸೀರೆ ಉಡಿಸುವಾಗ ನಮ್ಮ ಹಿರಿಯರೊಬ್ಬರು ಕಾಕುವಿನ ಕೈ ಎತ್ತಿ, "ಈ ಹಸಿರು ಬಳಿ ತೆಗಿಯೂಣೇನು?" ಎಂದರು.

"ಇರ್ಲಿ ಬಿಡ್ರಿ," ಎಂದೆ. "ಅವು ನನ್ನ ಮಗಳ ಸಲುವಾಗಿ ಇಟ್ಕೊಂಡಿದ್ದು."