ಡಬ್ಲಿನ್‌ನಿಂದ ಹುಬ್ಬಳ್ಳಿಗೆ

ಅವ್ವ ತೀರಿಕೊಂಡದ್ದು ಬೇಸಿಗೆಯ ಒಂದು ಬೆಳಗಿನ ಜಾವ, ಗಜೇಂದ್ರಗಡದ ನಮ್ಮ ಮನೆಯಲ್ಲಿ, ಮಗ್ಗದ ಪಕ್ಕದ ಕೋಣೆಯಲ್ಲಿ. ಅಕ್ಕ ಐರ್ಲೆಂಡಿನ ಡಬ್ಲಿನ್‌ನಲ್ಲಿ ನರ್ಸ್. ಫೋನಿನಲ್ಲಿ ಸುದ್ದಿ ಹೇಳಿದಾಗ ಅವಳು ಅಳಲಿಲ್ಲ. "ನಾ ಹೊಂಟೆ" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು.

ನರಗುಂದದಿಂದ ಸೋದರಮಾವ ಬರುವಷ್ಟರಲ್ಲಿ ಅಂಗಳದ ತುಂಬ ಜನ ಕೂತಿದ್ದರು. ತೀರಿಹೋದ ತಂಗಿಯ ಕಾಲ ಬಳಿ ಸ್ವಲ್ಪ ಹೊತ್ತು ಕೂತೆದ್ದು ಅವರು ನನ್ನ ಹತ್ತಿರ ಬಂದರು.

"ನಿಮ್ಮಕ್ಕಂದು ಎಷ್ಟ ತಾಸಿನ ಹಾದಿ? ಸ್ಮಶಾನದಾಗ ಕುಣಿ ತಗ್ಯಾಕ ಹೇಳಬೇಕು."

ನಾನು ನೇಕಾರ. ವಿಮಾನ ಹತ್ತಿದವನಲ್ಲ, ಹತ್ತಿರದಿಂದ ನೋಡಿದವನೂ ಅಲ್ಲ. ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿದರೆ ದೂರ, ಸಮಯ ಎರಡನ್ನೂ ಹೇಳುವ ಪುಟವೊಂದು ಮೊಬೈಲಿನಲ್ಲಿ ಸಿಕ್ಕಿತು. ಡಬ್ಲಿನ್, ಹುಬ್ಬಳ್ಳಿ ಎಂದು ಹಾಕಿದೆ. ಎಂಟು ಸಾವಿರ ಕಿಲೋಮೀಟರಿನ ಆಸುಪಾಸು, ಹತ್ತು ತಾಸು ಎಂದು ತೋರಿಸಿತು. ನಕಾಶೆಯ ಮೇಲೊಂದು ಗೆರೆ ಎಲ್ಲೂ ನಿಲ್ಲದೆ ನಮ್ಮ ಕಡೆ ಬಂದಿತ್ತು.

"ಹತ್ತ ತಾಸ್ರಿ ಮಾಂವಾ. ಹುಬ್ಬಳ್ಳಿಯಿಂದ ಕಾರು. ರಾತ್ರಿ ಹೊತ್ತಿಗೆ ಮುಟ್ಟತಾಳ."

"ಹಂಗಾದ್ರ ಕಾಯೋಣು. ನಾಳೆ ಮುಂಜಾನೆ ಮಣ್ಣ ಮಾಡೋಣು."

ಅಪ್ಪ ಆಗ ಮೊದಲ ಸಲ ತಲೆಯೆತ್ತಿದ. ಯಾರೋ ಕೊಟ್ಟ ಚಹಾ ಕುಡಿದ.

ಮಧ್ಯಾಹ್ನ ಅಕ್ಕ ಡಬ್ಲಿನ್ ನಿಲ್ದಾಣದಿಂದ ಫೋನ್ ಮಾಡಿದಳು. ನೇರ ವಿಮಾನ ಇರಲೇ ಇಲ್ಲ. ದೋಹಾದಲ್ಲಿ ಇಳಿದು ಕಾಯಬೇಕು, ಅಲ್ಲಿಂದ ಬೆಂಗಳೂರು, ಮತ್ತೆ ಕಾದು ಹುಬ್ಬಳ್ಳಿ. ಮನೆ ಮುಟ್ಟುವುದು ನಾಡಿದ್ದು.

"ಅವ್ವನ್ನ ಇಡಾಕ ಐಸ್ ಪೆಟ್ಟಿಗಿ ಸಿಕ್ಕತೇನು?" ಎಂದು ಕೇಳಿದಳು.

"ಇಲ್ಲಕ್ಕಾ. ರೋಣದಾಗ ಇದ್ದದ್ದು ಬ್ಯಾರೆ ಊರಿಗೆ ಹೋಗೇತಿ."

ಅವ್ವನ ಸುತ್ತ ಇಟ್ಟ ಮಂಜುಗಡ್ಡೆ ಕರಗಿ ನೀರು ಹೊಸ್ತಿಲವರೆಗೆ ಹರಿದಿತ್ತು. ಅದನ್ನು ನಾನು ಹೇಳಲಿಲ್ಲ.

"ಕಾಯಬ್ಯಾಡ್ರಿ," ಅಂದಳು. "ದವಾಖಾನ್ಯಾಗ ಕೆಲಸಾ ಮಾಡಾಕಿ ನಾನು. ಈ ಬಿಸಲಾಗ ಏನಾಗತೈತಿ ನನಗ ಗೊತ್ತೈತಿ. ಅವ್ವನ್ನ ಹಂಗ ಇಡಬ್ಯಾಡ್ರಿ."

"ಮತ್ತ ನೀ?"

"ನಾ ಬರತೀನಿ."

ಮಾವನಿಗೆ ಹೇಳಿದೆ. ಅವರು ಟವೆಲಿನಿಂದ ಮುಖ ಒರೆಸಿಕೊಂಡು ಜನರನ್ನು ಎಬ್ಬಿಸಲು ಹೋದರು. ಅಪ್ಪ ಮಾತ್ರ ನನ್ನ ಕೈ ಹಿಡಿದು ಜಗ್ಗಿದ.

"ಹತ್ತ ತಾಸ ಅಂದಿದ್ದೆಲ್ಲೋ?"

ನಾನು ಅವನ ಪಕ್ಕ ಕೂತೆ.

ಹೊತ್ತು ಮುಳುಗುವ ಮುಂಚೆ ಮಣ್ಣು ಮಾಡಿದೆವು. ಅಕ್ಕನ ವಿಮಾನ ಆಗಷ್ಟೇ ಏರಿತ್ತೋ ಏನೋ. ಎಲ್ಲರೂ ಹಿಡಿಮಣ್ಣು ಹಾಕಿದ ಮೇಲೆ ಮಾವ ಬಗ್ಗಿ ಇನ್ನೊಂದು ಹಿಡಿ ತೆಗೆದು ನನ್ನ ಕೈಗಿಟ್ಟರು. "ಅಕಿಂದೂ ಹಾಕು" ಎಂದರು.

ಅಕ್ಕ ಬಂದಾಗ ದಪ್ಪನೆಯ ಉಣ್ಣೆಯ ಕೋಟು ಅವಳ ತೋಳಿನ ಮೇಲಿತ್ತು. ಮನೆಯೊಳಗೆ ಕಾಲಿಡದೆ ಸ್ಮಶಾನಕ್ಕೆ ನಡೆ ಎಂದಳು. ಮೇಲಿನ ಮಣ್ಣು ಆಗಲೇ ಒಣಗಿ ಬಿರುಕು ಬಿಟ್ಟಿತ್ತು. ಅದರ ಮುಂದೆ ಕೂತಳು. ಬಿಸಿಲು ಏರಿದರೂ ಏಳಲಿಲ್ಲ. ಕೊನೆಗೆ ಮೆಲ್ಲಗೆ ಕೇಳಿದಳು:

"ತಲಿ ಯಾವ ಕಡೆ ಐತೋ ತಮ್ಮಾ?"

ತೋರಿಸಿದೆ. ಎದ್ದು ಆ ಕಡೆ ಹೋಗಿ ಕೂತಳು.