ಕಾಂಪೌಂಡರ ಎಣಿಕೆಯಲ್ಲಿ ಒಂದು ಕಡಿಮೆ

ನಮ್ಮ ಬೀದಿಯ ಕಾಂಪೌಂಡರ್ ಹನ್ನೊಂದು ವರ್ಷ ಸೆರೆಯಲ್ಲಿದ್ದರು. ಎರಡು ಕೋಣೆ, ಒಂದು ಜಗಲಿ, ಅಷ್ಟೇ ಸೆರೆಮನೆ. ಹಿಂದೆ ಅದು ಅಂಚೆ ಕಚೇರಿ, ಈಗ ಊರಿನ ವಸ್ತುಸಂಗ್ರಹಾಲಯ. ಕಾವಲುಗಾರರೂ ಅವರೇ, ಕೈದಿಯೂ ಅವರೇ. ಕಾನೂನು ಬರೆದವರೂ, ಅಯ್ಯೋ ಪಾಪ, ಅವರೇ.

ನಲವತ್ತು ವರ್ಷ ಡಾಕ್ಟರ ದವಾಖಾನೆಯಲ್ಲಿ ಮಾತ್ರೆ ಎಣಿಸಿ ಪೊಟ್ಟಣ ಕಟ್ಟಿದ ಮನುಷ್ಯ. ಹತ್ತು ಅಂದರೆ ಹತ್ತು. ಅವರ ಕೈಯಿಂದ ಒಂಬತ್ತು ಮಾತ್ರೆ ಪಡೆದ ರೋಗಿ ಇನ್ನೂ ಹುಟ್ಟಿಲ್ಲ. ನಿವೃತ್ತರಾದ ಮರುವಾರ, ಮನೆಯಲ್ಲಿದ್ದ ಔಷಧದ ಹಳೇ ತಕ್ಕಡಿಯನ್ನು ಸಂಗ್ರಹಾಲಯಕ್ಕೆ ಕೊಟ್ಟು ಬರೋಣವೆಂದು ಹೋದರು. ಅಲ್ಲಿನ ಅಧ್ಯಕ್ಷೆ, ಊರಿನ ಅರ್ಧ ಜನಕ್ಕೆ ಚರಿತ್ರೆ ಕಲಿಸಿದ ಮೇಡಂ, "ಒಂದು ನಿಮಿಷ ಕೂತಿರಿ, ಬಂದೆ" ಎಂದು ಕೀಲಿಕೈಯನ್ನು ಅವರ ಅಂಗೈಯಲ್ಲಿಟ್ಟು ಹೊರಟರು. ಆ ಒಂದು ನಿಮಿಷವೇ ಹನ್ನೊಂದು ವರ್ಷ ಓಡಿತು.

ಹೊಸ ಹುರುಪಿನಲ್ಲಿ ಕಾಂಪೌಂಡರ್ ಎರಡು ನಿಯಮ ಬರೆದು ಗೋಡೆಗೆ ಅಂಟಿಸಿದರು. ಒಂದು: ದಾಖಲೆ ಪುಸ್ತಕದಲ್ಲಿರುವಷ್ಟೂ ವಸ್ತು ಎಣಿಕೆಗೆ ಸಿಕ್ಕ ಹೊರತು ಕೀಲಿ ಕೈ ಬದಲಾಗಕೂಡದು. ಎರಡು: ನಂಬರ್ ಬಿದ್ದ ವಸ್ತುವನ್ನು ಯಾರೂ ಬಳಸಕೂಡದು. ಎರಡನೆಯ ನಿಯಮಕ್ಕಾಗಿ, ನೋಡಲು ಬಂದಿದ್ದ ಫೋಟೋ ಸ್ಟುಡಿಯೋದವರನ್ನು ನಂಬರ್ ಬಿದ್ದ ಕುರ್ಚಿಯಿಂದ ಎಬ್ಬಿಸಿ, ಅವರು ಕೂತಿದ್ದಷ್ಟು ಜಾಗವನ್ನು ಬಟ್ಟೆಯಲ್ಲಿ ಒರೆಸಿದ್ದೂ ಉಂಟು. ಮೊದಲನೆಯ ನಿಯಮ ಮಾತ್ರ ಬರೆದವರ ಕಾಲಿಗೇ ಸುತ್ತಿಕೊಂಡಿತು.

ಹೋದ ವರ್ಷ ಕಾಂಪೌಂಡರ ಅಕ್ಕನ ಎಡಗಣ್ಣಿಗೆ ಆಪರೇಷನ್ ಆಯಿತು. ಈ ಅಕ್ಕ, ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ರೈಲಿನಲ್ಲಿ ಒಂದು ರಾತ್ರಿಯ ದೂರದಲ್ಲಿದ್ದಾಳೆ. ಕಾಂಪೌಂಡರ್ ಹೊರಡಲು ಕೀಲಿ ಒಪ್ಪಿಸಬೇಕಿತ್ತು. ಎಣಿಸಿದರು. ಪುಸ್ತಕದಲ್ಲಿ ಎಂಟುನೂರ ನಲವತ್ತಾರು, ಕೋಣೆಗಳಲ್ಲಿ ಎಂಟುನೂರ ನಲವತ್ತೈದು. ಯಾವುದು ಹೋಯಿತೆಂದು ಹೆಸರು ಹಿಡಿದು ಕರೆಯೋಣವೆಂದರೆ, ಮೇಡಂ ಬಣ್ಣದಲ್ಲಿ ನಂಬರ್ ಬರೆದ ಕೆಲವು ಕಬ್ಬಿಣದ ಸಾಮಾನು ಬಿಟ್ಟು ಉಳಿದವಕ್ಕೆಲ್ಲ ಅಂಟಿಸಿದ್ದು ಕಾಗದದ ಚೀಟಿ. ಆ ಚೀಟಿಗಳನ್ನು ಹುಳು ತಿಂದು ತೇಗಿಯಾಗಿತ್ತು. ತಲೆ ಎಣಿಸುವುದೊಂದೇ ದಾರಿ. ಮೂರು ದಿನ ಎಣಿಸುವಷ್ಟರಲ್ಲಿ ಅಕ್ಕನ ಕಣ್ಣಿನ ಪಟ್ಟಿಯನ್ನೇ ಬಿಚ್ಚಿದ್ದರು.

ಈಗ ಬಲಗಣ್ಣಿನ ಸರದಿ.

"ಏನೋ, ಈ ಸಲವಾದ್ರೂ ಬರ್ತೀಯೋ ಇಲ್ವೋ?" ಫೋನಿನಲ್ಲಿ ಅಕ್ಕ ಗದರಿದಳು. "ಊರಿಗೆಲ್ಲ ಔಷಧಿ ಕೊಟ್ಟೆ, ನನ್ನ ಕಣ್ಣಿಗೆ ನಾಲ್ಕು ಹನಿ ಬಿಡೋಕೆ ನಿಂಗೆ ಪುರುಸೊತ್ತಿಲ್ಲ."

"ಒಂದು ಕಡಿಮೆ ಬರ್ತಿದೆ ಅಕ್ಕಾ."

"ಅದು ನಿನ್ನ ತಲೇಲಿ ಕಡಿಮೆ ಇರೋದು ಕಣೋ! ನಂಗಿರೋದು ಎರಡೇ ಕಣ್ಣು. ಹೋದ ಸಲ ಪಕ್ಕದ್ಮನೆಯವಳು ಅರ್ಧ ಹನಿ ಕಿವಿಗೆ ಬಿಟ್ಲು. ಇನ್ನೊಂದು ಕಣ್ಣನ್ನೂ ಅವಳ ಕೈಗೆ ಕೊಡ್ಲಾ?"

ಕಾಂಪೌಂಡರ್ ಸಂಜೆ ನಾಲ್ಕರ ರೈಲಿಗೆ ಟಿಕೆಟ್ ತೆಗೆಸಿದರು. ಕೀಲಿ ವಹಿಸಿಕೊಳ್ಳಲು ನಿವೃತ್ತ ಬಸ್ ಡ್ರೈವರ್ ಒಪ್ಪಿದ್ದರು. ಹೊರಡುವ ದಿನ ಬೆಳಿಗ್ಗೆ ಏಳಕ್ಕೆ ಮಹಾಯುದ್ಧ ಆರಂಭವಾಯಿತು. ಲಾಟೀನು, ಮಸಿಕುಡಿಕೆ, ತೂಕದ ಕಲ್ಲು, ಹಲ್ಲುದುರಿದ ಟೈಪ್‌ರೈಟರ್, ಎಲ್ಲವನ್ನೂ ಮಾತ್ರೆಯ ಹಾಗೆ ಐದೈದಾಗಿ ಸರಿಸುತ್ತ ಕಾಂಪೌಂಡರ್ ಮುನ್ನುಗ್ಗಿದರು. ಮೇಡಂ ಹಿಂದಿನಿಂದ ಗೀಟು ಹಾಕುತ್ತ ಬಂದರು. ಎರಡೂವರೆಗೆ ಯುದ್ಧ ಮುಗಿಯಿತು. ಎಂಟುನೂರ ನಲವತ್ತೈದು.

"ನನ್ನ ಚಪ್ಪಲಿ ಒಂದನ್ನ ಇಡ್ತೀನಿ ಸಾರ್," ಎಂದರು ಡ್ರೈವರ್. "ನಲವತ್ತಾರು ಅಂದ್ಬಿಟ್ಟು ಹೊರಡಿ."

"ಸುಳ್ಳು ಎಣಿಕೆ? ನಾನು?"

"ಹಾಗಾದ್ರೆ ಇಲ್ಲೇ ಇರಿ. ನಿಮಗೂ ಒಂದು ನಂಬರ್ ಹಾಕಿ ಗಾಜಿನ ಪೆಟ್ಟಿಗೇಲಿ ನಿಲ್ಲಿಸ್ತಾರೆ."

ಕಾಂಪೌಂಡರ್ ನೆಲದ ಮೇಲೆ ಕುಸಿದರು. ಕುರ್ಚಿಗಳಿಗೆಲ್ಲ ನಂಬರ್ ಬಿದ್ದಿತ್ತಲ್ಲ. ಕಿಟಕಿಯ ಸರಳುಗಳ ಆಚೆ ಸ್ಟೇಷನ್ನಿನ ರಸ್ತೆ ಕಾಣುತ್ತಿತ್ತು. ಸರಳುಗಳನ್ನೂ ಎಣಿಸಿದರು. ಒಂಬತ್ತು. ಅವು ಮಾತ್ರ ಸರಿಯಾಗಿದ್ದವು.

ಡ್ರೈವರ್ ಬೇಸರದಿಂದ ಜಗಲಿಗೆ ಹೋಗಿ, ಚಿಲಕಕ್ಕೆ ನೇತುಹಾಕಿದ್ದ ಬೀಗವನ್ನು ತೆಗೆದು ಕೈಯಲ್ಲಿ ತೂಗಿ ನೋಡಿದರು. ಹಿಂದುಮುಂದು ತಿರುಗಿಸಿದರು.

"ಸಾರ್, ಇದರ ಬೆನ್ನ ಮೇಲೆ ತುಕ್ಕಿನಡಿ ಬಿಳಿ ಬಣ್ಣದಲ್ಲಿ ಮುನ್ನೂರ ಹನ್ನೆರಡು ಅಂತಿದೆ. ಏನು ಬಸ್ ರೂಟಾ?"

ಮೇಡಂ ಪುಸ್ತಕ ತೆರೆದರು. ಮುನ್ನೂರ ಹನ್ನೆರಡು: ಅಂಚೆ ಕಚೇರಿಯ ಬಾಗಿಲಿನ ಬೀಗ, ಕಬ್ಬಿಣ. ಮೇಡಂ ನಾಲಿಗೆ ಕಚ್ಚಿಕೊಂಡರು.

"ಉದ್ಘಾಟನೆ ದಿನ ಹೊಸ ಬೀಗ ತರೋದು ಮರೆತಿತ್ತು ಕಣ್ರೀ. ಅವತ್ತೊಂದು ದಿನಕ್ಕೆ ಅಂತ ಇದನ್ನ ಹಾಕಿದ್ದೆ."

ಹನ್ನೊಂದು ವರ್ಷ ದಿನಕ್ಕೆರಡು ಸಲ ಕೈಯಲ್ಲಿ ಹಿಡಿದ ವಸ್ತುವನ್ನು ಕಾಂಪೌಂಡರ್ ನೋಡಿಯೇ ನೋಡಿದರು. ಕೋಣೆಯೊಳಗೆ ಮೂಲೆ ಮೂಲೆ ಹುಡುಕಿದ್ದು ಹೊರಗೆ ಬಾಗಿಲಲ್ಲೇ ನೇತಾಡುತ್ತಿತ್ತು! "ನಲವತ್ತಾರು!" ಎಂದು ಅವರು ಕೂಗಿದ ಕೂಗಿಗೆ ಎದುರಂಗಡಿಯ ನಾಯಿ ಎದ್ದು ನಿಂತಿತು. ಮೇಡಂ ರುಜು ಹಾಕಿದರು. ಮೂರು ಗಂಟೆ.

ಆದರೆ ಡ್ರೈವರ್ ಗೋಡೆಯ ಮುಂದೆ ನಿಂತು ಓದುತ್ತಿದ್ದರು. "ನಿಯಮ ಎರಡು. ನಂಬರ್ ಬಿದ್ದ ವಸ್ತುವನ್ನು ಯಾರೂ ಬಳಸಕೂಡದು. ಈ ಬೀಗ ಪೆಟ್ಟಿಗೆಗೆ ಹೋಗ್ಬೇಕಲ್ವಾ ಸಾರ್? ಬೀಗ ಇಲ್ಲದ ಬಾಗಿಲನ್ನ ನಾನು ವಹಿಸ್ಕೊಳ್ಳಲ್ಲಪ್ಪ."

ಬೀಗ ಮಾರುವ ಅಂಗಡಿಗೆ ಅಂದು ವಾರದ ರಜೆ. ಕಾಂಪೌಂಡರ್ ತಾವೇ ಬರೆದ ಅಕ್ಷರಗಳನ್ನು ಒಮ್ಮೆ ದುರುಗುಟ್ಟಿ ನೋಡಿ, ಪಂಚೆ ಎತ್ತಿ ಕಟ್ಟಿ ಮನೆಯತ್ತ ಓಡಿದರು. ಅರವತ್ತೊಂಬತ್ತರ ವಯಸ್ಸಿನಲ್ಲಿ ಯಾವ ಕುದುರೆಯೂ ಹಾಗೆ ಓಡಿರಲಾರದು. ಇಪ್ಪತ್ತು ನಿಮಿಷಕ್ಕೆ ವಾಪಸಾದಾಗ ಒಂದು ಕೈಯಲ್ಲಿ ಊರಿಗೆ ಹೋಗುವ ಚೀಲ, ಇನ್ನೊಂದು ಕೈಯಲ್ಲಿ ಹಿತ್ತಾಳೆ ಬೀಗ.

ಮೇಡಂ ಗಾಬರಿಯಾದರು. "ಇದು ನಿಮ್ಮನೆ ಬೀಗ ಅಲ್ವಾ? ಒಂಟಿ ಮನೆ, ಬಾಗಿಲು ಹಾಗೇ ಬಿಟ್ಟು ಹೋಗ್ತೀರಾ? ಕಳ್ಳರು ನುಗ್ಗಿದ್ರೆ?"

"ನುಗ್ಗಿ ಏನು ಒಯ್ತಾರೆ ಮೇಡಂ? ತಕ್ಕಡಿ, ಗಡಿಯಾರ, ಅಪ್ಪನ ಮೇಜು, ನಾನು ಮಲಗಿದ ತೊಟ್ಟಿಲು, ಇದ್ದದ್ದೆಲ್ಲ ಇಲ್ಲೇ ಇದೆಯಲ್ಲ!" ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಡ್ರೈವರ ಅಂಗೈಗೆ ಒತ್ತಿದರು. "ಇದಕ್ಕೆ ನಂಬರ್ ಗಿಂಬರ್ ಹಾಕೀರಿ, ಜೋಕೆ."

ರೈಲು ಸಿಕ್ಕಿತು. ಅಕ್ಕನ ಬಲಗಣ್ಣಿಗೆ ಈಗ ದಿನಕ್ಕೆ ಆರು ಸಲ ಹನಿ ಬೀಳುತ್ತಿದೆ. ತಮ್ಮ ಪ್ರತಿ ಹನಿಯನ್ನೂ ಗಟ್ಟಿಯಾಗಿ ಎಣಿಸುತ್ತಾನೆ, ಅದೊಂದೇ ತಲೆನೋವು ಎಂದು ಅಕ್ಕ ಫೋನಿನಲ್ಲಿ ಮೇಡಂ ಬಳಿ ದೂರಿದಳು.

ಮೊನ್ನೆ ಡ್ರೈವರೂ ಫೋನ್ ಮಾಡಿದ್ದರು. "ಸಾರ್, ಮುಂದಿನ ತಿಂಗಳು ಮಗಳ ಮನೆಗೆ ಹೋಗ್ಬೇಕು. ನೀವು ಯಾವಾಗ ಬರ್ತೀರಿ?"

"ಬರ್ತೀನಿ, ಬರ್ತೀನಿ," ಎಂದರಂತೆ ಕಾಂಪೌಂಡರ್. "ಅಷ್ಟರಲ್ಲಿ ನೀವು ಎಣಿಸಿಟ್ಟುಕೊಂಡಿರಿ."